ಮೃಗದಂಶಕ: ಕೋಶದಲ್ಲಿಯೂ ಶಾಸನದಲ್ಲಿಯೂ

ಅಮರಕೋಶದಲ್ಲಿ ನಾಯಿಗೆ ಹೇಳಿರುವ ಪರ್ಯಾಯಪದಗಳಲ್ಲಿ ‘ಮೃಗದಂಶಕ’ವೆಂಬುದೊಂದು, ಮೃಗವನ್ನು ಕಚ್ಚುವುದೆಂದು ಇದರ ಅರ್ಥ. ಮೃಗಶಬ್ದವು ಜಿಂಕೆಗೂ ಕಾಡಿನ ಪ್ರಾಣಿಗಳೆಲ್ಲಕ್ಕೂ ಸಲ್ಲುವುದು. ಬೇಟೆಯಲ್ಲಿ ಪಳಗಿದ ನಾಯಿಗೆ ‘ವಿಶ್ವಕದ್ರು’ವೆಂಬ ಬೇರೆ ಹೆಸರನ್ನೇ ಅಮರಸಿಂಹನು ಕೊಟ್ಟಿರುವನು. ನಾಯಿಗಳ ಹಿಂಡಿನೊಡನೆ ಸಂಚರಿಸುವವನು ‘ಶ್ವಾಗಣಿಕ’ನೆಂದು ಪಾಣಿನಿಯ ಸೂತ್ರದಿಂದ ಸಿದ್ಧವಾಗುವುದು. ರಘುವಂಶದ 9ನೆಯ ಸರ್ಗದಲ್ಲಿ ದಶರಥನು ಕಾಡನ್ನು ಹೊಗುವುದಕ್ಕೆ ಮೊದಲೇ ನಾಯಿಗಳವರೂ ಬಲೆಗಾರರೂ ಅಲ್ಲಿ ನೆಲೆಸಿರುವರು. ನಾಯಿ ಅಟ್ಟುವುದು, ಬಲೆ ತಡೆಯುವುದು ಎಂಬ ಕ್ರಮವನ್ನು ಇದರಿಂದ ಊಹಿಸಬಹುದು.

ಆದರೆ ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಈ ಪ್ರಾಣಿಯು ಅಶುಚಿ. ಶ್ರಾದ್ಧದಲ್ಲಿ ಉಣ್ಣುವ ಬ್ರಾಹ್ಮಣರನ್ನು ನಾಯಿಯು ನೋಡಲೂ ಕೂಡದೆಂದು ಮನುಸ್ಮೃತಿಯ 3ನೆಯ ಅಧ್ಯಾಯವು ವಿಧಿಸುವುದು.

ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ. ಶ. 949–50ರ ಆತಕೂರು ಶಾಸನವನ್ನು ಇದರೊಡನೆ ಹೋಲಿಸಿ ನೋಡಬೇಕು. ಚೋಳ ರಾಜಾದಿತ್ಯನು ಮಡಿದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನು ಮೆಚ್ಚಿನ ಕೊಡುಗೆಯಾಗಿ ಬೇಡಿದುದು ನೆಲವನ್ನಲ್ಲ, ‘ಕಾಳಿ’ಯೆಂಬ ನಾಯಿಯನ್ನು. ಬೆಳತೂರಿನ ಬೆಟ್ಟದಲ್ಲಿ ಅದು ಹಂದಿಯೊಡನೆ ಹೋರಿತು, ಎರಡೂ ಸತ್ತುವು. ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನಡಿಸಿ, ಭೂಮಿಯನ್ನು ದತ್ತಿ ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಂಡರೆ ಸ್ಥಾನದ ಗೊರವನಿಗೆ ಪಾಪವೆಂದು ಶಾಸನವು ಹೇಳುವುದು.

ಸ್ಮೃತಿಯಲ್ಲಿ ಉಣ್ಣುವವನನ್ನು ನಾಯಿ ನೋಡಬಾರದು. ಶಾಸನದಲ್ಲಿ ನಾಯಿಯ ಕಲ್ಲನ್ನು ಪೂಜಿಸದೆ ಉಣ್ಣಬಾರದು. ಗ್ರಂಥವನ್ನೊಂದನ್ನೇ ಪ್ರಮಾಣವಾಗಿಟ್ಟುಕೊಂಡು ಪೂರ್ವಿಕರ ಆಚಾರವನ್ನು ನಿರ್ಣಯಿಸುವ ನಮ್ಮಂತಹವರು ಈ ಕಲ್ಲನ್ನೂ ಓದತಕ್ಕದ್ದು.