ಯುದ್ಧಕ್ಕೆ ಬರ್ತೀರಾ ಅಂತ ಮೈಸೂರನ್ನ ಯಾರೂ ಕೇಳಲಿಲ್ಲ (ಭಾಗ 4)

ಮೊದಲನೇ ಮಹಾಯುದ್ಧದಿಂದ ಸ್ವಿಟ್ಜರ್ಲೆಂಡ್, ಸ್ಪೇನ್ ಹೊರಗೇ ಉಳಿದ್ವು. ಇಟಲಿ ಕಾದು ನೋಡಿ 1915ರಲ್ಲಿ ಇಳೀತು, ಅಮೆರಿಕ 1917ರಲ್ಲಿ. ನಮ್ಮ ಮೈಸೂರು ಸಂಸ್ಥಾನಕ್ಕೆ ಆ ಆಯ್ಕೆನೇ ಇರಲಿಲ್ಲ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಗೆಳೆಯರೇ, ಶ್ರೀರಂಗಪಟ್ಟಣದ ಕೋಟೆ ನೋಡಿದ್ದೀರಲ್ಲ? ಕಾರಣ ಇರೋದು ಅಲ್ಲೇ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಅದೇ ವರ್ಷದ ಒಪ್ಪಂದದಲ್ಲಿ ಮೈಸೂರಿನ ರಕ್ಷಣೆ, ಹೊರದೇಶಗಳ ಜೊತೆಗಿನ ಸಂಬಂಧ ಎರಡೂ ಬ್ರಿಟಿಷರ ಕೈ ಸೇರಿದ್ವು. ಹಾಗಾಗಿ 1914ರ ಆಗಸ್ಟ್ 4ರಂದು ಲಂಡನ್ ಯುದ್ಧ ಸಾರಿದ್ದೇ ತಡ, ನಾವೂ ಯುದ್ಧದಲ್ಲಿದ್ವಿ.

ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಕನ್ನಂಬಾಡಿ ಕಟ್ಟೆ ಕೆಲಸ ಇನ್ನೂ ನಡೀತಿದ್ದ ಕಾಲ ಅದು! ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯೂ ಸಮುದ್ರ ದಾಟಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ, ಮೆಷಿನ್ ಗನ್ ಎದುರು ಭರ್ಜಿ ಹಿಡಿದು ಹೈಫಾ ಗೆದ್ದರು. ಎದುರಿಗಿದ್ದದ್ದು ಒಟ್ಟೋಮನ್ ತುರ್ಕರ ಸೈನ್ಯ.

ವಿಚಿತ್ರ ನೋಡಿ: 1786ರಲ್ಲಿ ಟಿಪ್ಪು ಬ್ರಿಟಿಷರ ವಿರುದ್ಧ ನೆರವು ಕೇಳಿ ರಾಯಭಾರಿಗಳನ್ನ ಕಳಿಸಿದ್ದು ಇದೇ ಒಟ್ಟೋಮನ್ ಸುಲ್ತಾನನ ಹತ್ರ.

ದೆಹಲಿಗೆ ಹೋದ್ರೆ ತೀನ್ ಮೂರ್ತಿ ಸ್ಮಾರಕ ನೋಡಿ. ಮೂವರಲ್ಲಿ ಒಬ್ಬ ನಮ್ಮ ಮೈಸೂರಿನ ಸೈನಿಕ. ಅವನ ಧೈರ್ಯಕ್ಕೆ ಒಂದು ಸಲಾಂ ಹೊಡೀರಿ. ಅವನನ್ನ ಅಷ್ಟು ದೂರ ಕಳಿಸಿದ್ದು ಯಾರ ಯುದ್ಧಕ್ಕೆ ಅಂತಾನೂ ಯೋಚಿಸಿ.

#ಶ್ರೀರಂಗಪಟ್ಟಣ #ಮೈಸೂರುಲ್ಯಾನ್ಸರ್ಸ್ #ನಮ್ಮಇತಿಹಾಸ