ಶಾಫ್ಟು ಬಿಚ್ಚುವ ಕೆಲಸ

ಯಂತ್ರ ಹೆಚ್ಚಿದರೆ ಉತ್ಪಾದನೆ ಹೆಚ್ಚುತ್ತದೆ ಎಂಬುದು ಅರ್ಥಶಾಸ್ತ್ರದ ಹಳೆಯ ನಂಬಿಕೆ. 1957ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ ಅಮೆರಿಕದ ನಲವತ್ತು ವರ್ಷಗಳ ಲೆಕ್ಕ ತೆಗೆದು ನೋಡಿದಾಗ ಆ ನಂಬಿಕೆ ಅಲುಗಾಡಿತು. 1909ರಿಂದ 1949ರ ನಡುವೆ ಒಂದು ಗಂಟೆಯ ದುಡಿಮೆಯ ಫಲ ದುಪ್ಪಟ್ಟಾಗಿತ್ತು. ಆ ಏರಿಕೆಯಲ್ಲಿ ಬಂಡವಾಳದ ಪಾಲು ಎಂಟರಲ್ಲಿ ಒಂದು ಮಾತ್ರ. ಉಳಿದ ಏಳು ಪಾಲನ್ನು ಅವರು ‘ತಾಂತ್ರಿಕ ಬದಲಾವಣೆ’ಯ ಖಾತೆಗೆ ಹಾಕಿದರು. ಹಿಂದಿನ ವರ್ಷವಷ್ಟೇ ಮೋಸೆಸ್ ಅಬ್ರಮೋವಿಟ್ಜ್ ಇಂಥದೇ ಶೇಷವನ್ನು ನಮ್ಮ ಅಜ್ಞಾನದ ಅಳತೆ ಎಂದು ಕರೆದಿದ್ದರು. ಆ ಶೇಷದ ಒಳಗೇನಿದೆ ಎಂದು ಕೆದಕುತ್ತಲೇ ಉತ್ಪಾದಕತೆಯ ಅಧ್ಯಯನ ಕ್ಷೇತ್ರ ಬೆಳೆಯಿತು. ಮೊದಲು ಸಿಕ್ಕ ಉತ್ತರ ಸಂಶೋಧನೆ. ಹೈಬ್ರಿಡ್ ಮೆಕ್ಕೆಜೋಳದ ಸಂಶೋಧನೆಗೆ ಹಾಕಿದ ಹಣ ಸಮಾಜಕ್ಕೆ ವರ್ಷಕ್ಕೆ ಶೇ 700ರಷ್ಟು ಪ್ರತಿಫಲ ಕೊಟ್ಟಿತೆಂದು ಜ್ವಿ ಗ್ರಿಲಿಕೆಸ್ 1958ರಲ್ಲಿ ಲೆಕ್ಕ ಹಾಕಿದರು. ಗೆದ್ದ ಕುದುರೆಯನ್ನೇ ಆರಿಸಿ ಅದರ ಓಟ ಅಳೆದಂತಾಯಿತು ಎನ್ನಬಹುದು, ಆಕ್ಷೇಪ ಸರಿಯೇ. ಆದರೆ ಸಂಶೋಧನೆಯ ಲಾಭ ಹಣ ಹಾಕಿದವನ ಜೇಬಿಗಿಂತ ಹೆಚ್ಚಾಗಿ ಊರವರ ಜೇಬಿಗೆ ಸೇರುತ್ತದೆ ಎಂಬ ಮುಖ್ಯ ಮಾತನ್ನು ಮುಂದಿನ ಅಧ್ಯಯನಗಳೂ ಎತ್ತಿಹಿಡಿದಿವೆ.

ಕಂಪ್ಯೂಟರು ಬಂದಾಗ ಈ ಲೆಕ್ಕ ಮತ್ತೆ ಕೈಕೊಟ್ಟಿತು. 1973ರ ನಂತರ ಅಮೆರಿಕದ ಉತ್ಪಾದಕತೆ ಕುಂಟತೊಡಗಿತು, ಕಚೇರಿಗಳಲ್ಲಿ ಮಾತ್ರ ಕಂಪ್ಯೂಟರು ತುಂಬುತ್ತಲೇ ಹೋಯಿತು. ಕಂಪ್ಯೂಟರು ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುವುದಿಲ್ಲ ಎಂದು 1987ರಲ್ಲಿ ಸೊಲೊ ಚುಚ್ಚಿದ್ದು ಇದಕ್ಕೇ. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಒಬ್ಬ ಇತಿಹಾಸಕಾರರಿಂದ. ಪಾಲ್ ಡೇವಿಡ್ 1990ರಲ್ಲಿ ವಿದ್ಯುತ್ತಿನ ಕಥೆಯನ್ನು ಎದುರಿಗಿಟ್ಟರು. ಎಡಿಸನ್ನರ ವಿದ್ಯುತ್ ಕೇಂದ್ರ ನ್ಯೂಯಾರ್ಕಿನಲ್ಲಿ ಶುರುವಾದದ್ದು 1882ರಲ್ಲಿ. ಶತಮಾನ ಮುಗಿಯುವ ಹೊತ್ತಿಗೂ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು ಶೇ 5 ಮುಟ್ಟಿರಲಿಲ್ಲ. ಹಳೆಯ ಕಾರ್ಖಾನೆಯಲ್ಲಿ ಒಂದೇ ಒಂದು ಉಗಿಯಂತ್ರ, ಅದು ತಿರುಗಿಸುವ ಉದ್ದನೆಯ ಶಾಫ್ಟು ಚಾವಣಿಯ ಕೆಳಗೆ, ಅದರಿಂದ ಪ್ರತಿ ಯಂತ್ರಕ್ಕೂ ಇಳಿಬಿದ್ದ ಚರ್ಮದ ಬೆಲ್ಟು. ಎಷ್ಟೋ ಮಾಲೀಕರು ಉಗಿಯಂತ್ರ ತೆಗೆದು ಆ ಜಾಗಕ್ಕೆ ದೊಡ್ಡ ಮೋಟಾರು ಕೂರಿಸಿದರು, ಶಾಫ್ಟು, ಬೆಲ್ಟು ಹಾಗೇ ಉಳಿದವು. ಒಂದೊಂದು ಯಂತ್ರಕ್ಕೂ ಅದರದೇ ಪುಟ್ಟ ಮೋಟಾರು ಬಂದು, ಶಾಫ್ಟು ಬಿಚ್ಚಿ, ಒಂದೇ ಅಂತಸ್ತಿನ ಕಟ್ಟಡದಲ್ಲಿ ಕೆಲಸದ ಸರದಿಗೆ ತಕ್ಕಂತೆ ಯಂತ್ರಗಳನ್ನು ಜೋಡಿಸಿದ ಮೇಲೆ, 1920ರ ದಶಕದಲ್ಲಿ, ಉತ್ಪಾದಕತೆ ಜಿಗಿಯಿತು. ಹೊಸ ತಂತ್ರಜ್ಞಾನಕ್ಕೆ ಸುರಿದ ಹಣ ಕೆಲಸದ ವಿನ್ಯಾಸ ಬದಲಾಗುವವರೆಗೆ ಮಲಗಿಯೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ನನಗೆ ಕಂಡಿಲ್ಲ.

1995ರ ನಂತರ ಅಮೆರಿಕದ ಅಂಕಿ ಏರಿದ್ದೂ, ಸುಮಾರು 2004ರ ಹೊತ್ತಿಗೆ ಮತ್ತೆ ಇಳಿದದ್ದೂ ಚರ್ಚೆಯನ್ನು ಕಾವೇರಿಸಿದವು. ಚೆನ್ನಾಗಿ ನಡೆಯುವ ಕಂಪನಿಗಳೇ ಹೆಚ್ಚು ಕಂಪ್ಯೂಟರು ಕೊಳ್ಳುತ್ತವೆ, ಕಾರ್ಯಕಾರಣ ತಿರುವುಮುರುವಾಗಿರಬಹುದಲ್ಲ ಎಂದು ಕೇಳಿದವರಿದ್ದರು. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಅಮೆರಿಕದ ಕಂಪನಿಗಳು ಕೊಂಡ ಬ್ರಿಟನ್ನಿನ ಸಂಸ್ಥೆಗಳನ್ನು ಹಿಂಬಾಲಿಸಿದರು: ಒಡೆತನ ಬದಲಾದ ಮೇಲೆ ಕಂಪ್ಯೂಟರಿನಿಂದ ಸಿಗುವ ಲಾಭ ಏರಿತ್ತು. ಇನ್ನೂ ಹತ್ತಿರದ ಪುರಾವೆ ಮುಂಬೈ ಸಮೀಪದ ತಾರಾಪುರ, ಉಂಬರಗಾಂವಗಳ ಬಟ್ಟೆ ಗಿರಣಿಗಳಲ್ಲಿದೆ. ಅಲ್ಲಿ ನೂಲಿನ ಮೂಟೆಗಳಿಗೆ ಗುರುತಿರಲಿಲ್ಲ, ಯಾವ ಮಗ್ಗದಲ್ಲಿ ಎಂಥ ದೋಷ ಬರುತ್ತಿದೆಯೆಂಬ ದಾಖಲೆಯಿರಲಿಲ್ಲ. ಕೆಲಸಗಾರರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಕೆಟ್ಟ ನೇಯ್ಗೆ ಸರಿಪಡಿಸುವುದರಲ್ಲೇ ಇದ್ದರು. ಸಲಹೆಗಾರರು ಬಂದು ದಾಸ್ತಾನು, ದೋಷ, ಯಂತ್ರ ನಿಂತ ಹೊತ್ತು ಬರೆದಿಡುವ ಕ್ರಮ ಹಾಕಿಕೊಟ್ಟ ಮೊದಲ ವರ್ಷವೇ ಉತ್ಪಾದಕತೆ ಶೇ 17ರಷ್ಟು ಏರಿತು. ಕುತೂಹಲದ ಸಂಗತಿಯೆಂದರೆ, ಆಮೇಲೆ ಅಲ್ಲಿ ಕಂಪ್ಯೂಟರಿನ ಬಳಕೆಯೂ ಹೆಚ್ಚಿತು. ಬರೆದಿಡುವ ರೂಢಿ ಮೊದಲು ಬಂತು, ಯಂತ್ರ ಹಿಂದೆ ಬಂತು.

ಲಾಭವಿದೆ, ಅಳತೆಗೆ ಸಿಗುತ್ತಿಲ್ಲ ಅಷ್ಟೇ ಎನ್ನುವ ವಾದವೂ ಇದೆ. ಪುಕ್ಕಟೆ ಮ್ಯಾಪು, ಪುಕ್ಕಟೆ ಹುಡುಕಾಟ ಜಿಡಿಪಿಯಲ್ಲಿ ಎಲ್ಲಿ ಕಾಣಬೇಕು? ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಡಿಜಿಟಲ್ ಬಳಕೆ ಹೆಚ್ಚಿರುವ ದೇಶಗಳಲ್ಲೂ ಕಡಿಮೆಯಿರುವ ದೇಶಗಳಲ್ಲೂ ಉತ್ಪಾದಕತೆ ಒಂದೇ ಬಗೆಯಲ್ಲಿ ಸೊರಗಿದೆಯೆಂದು ಚಾಡ್ ಸೈವರ್ಸನ್ ತೋರಿಸಿದ ಮೇಲೆ ಆ ವಾದ ಹೆಚ್ಚು ಭಾರ ಹೊರಲಾರದು.

ಸಂಶೋಧನೆಯನ್ನು ಬೇರೆಯವರು ಮಾಡಲಿ, ಫಲ ನಾವು ಎರವಲು ತರೋಣ ಎಂಬ ಮಾತು ಭಾರತದಲ್ಲಿ ಮೆಲ್ಲಗೆ ಕೇಳಿಬರುತ್ತದೆ. ಮೇಲುನೋಟಕ್ಕೆ ಜಾಣತನ. ಆದರೆ ಸ್ವಂತ ಸಂಶೋಧನೆ ನಡೆಸುವ ಕಂಪನಿಗೆ ಮಾತ್ರ ಬೇರೆಯವರ ಸಂಶೋಧನೆಯನ್ನು ಅರಗಿಸಿಕೊಳ್ಳುವ ಶಕ್ತಿ ಬರುತ್ತದೆಂದು ವಿದ್ವಾಂಸರಾದ ಕೋಹೆನ್ ಮತ್ತು ಲೆವಿಂಥಾಲ್ 1989ರಲ್ಲೇ ವಾದಿಸಿದ್ದರು. ಹಾಗಿದ್ದರೆ ಹಣ ಸುರಿದರೆ ಸಾಕೇ? ಅದೂ ಇಲ್ಲ. ಕಂಪನಿಗಳ ಸ್ವಂತ ಸಂಶೋಧನೆಗೆ ಖರ್ಚಿನ ಎರಡರಷ್ಟು ತೆರಿಗೆ ಕಡಿತವನ್ನು ಭಾರತ ವರ್ಷಗಟ್ಟಲೆ ಕೊಟ್ಟಿತು. 2017ರಲ್ಲಿ ಅದನ್ನು ಇಳಿಸಿ, 2020ರಲ್ಲಿ ಖರ್ಚಿನಷ್ಟಕ್ಕೇ ನಿಲ್ಲಿಸಿತು. ಅಷ್ಟು ಔದಾರ್ಯದ ನಡುವೆಯೇ ಜಿಡಿಪಿಯಲ್ಲಿ ಸಂಶೋಧನೆಯ ಪಾಲು ಶೇ 0.8ರ ಆಸುಪಾಸಿನಿಂದ 2020–21ರ ಹೊತ್ತಿಗೆ 0.64ಕ್ಕೆ ಜಾರಿತು. ಅದರಲ್ಲಿ ಖಾಸಗಿ ಕಂಪನಿಗಳದ್ದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ದಕ್ಷಿಣ ಕೊರಿಯಾದಲ್ಲಿ ಬಹುಪಾಲು ಕಂಪನಿಗಳದ್ದೇ. ಮಗ್ಗದ ದೋಷವನ್ನೇ ಬರೆದಿಡದ ಮಾಲೀಕನಿಗೆ ತಾನು ಏನನ್ನು ಸಂಶೋಧಿಸಬೇಕೆಂಬುದೇ ಹೊಳೆಯುವುದಿಲ್ಲ. ತೆರಿಗೆ ರಿಯಾಯಿತಿ ಅವನಿಗೆ ಆ ಪ್ರಶ್ನೆಯನ್ನು ಒದಗಿಸಲಾರದು.