ಹುಲಿಯ ಹೊಟ್ಟೆಯಲ್ಲಿ ಇನ್ನೊಬ್ಬರ ಹಾಡು

ನಮ್ಮ ಕಡೆಯ ಹುಡುಗರು ಬಸ್ಸಿನಲ್ಲಿ ಕೂತು ಕಿವಿ ಮುಚ್ಚಿಕೊಂಡು ಕೇಳುವ ಸಂಗೀತದಲ್ಲಿ ಹಿರಿಯರಿಗೆ ಗುರುತು ಸಿಗದ ಒಂದು ಬಗೆಯಿದೆ. ಅದು ಸಿನಿಮಾ ಹಾಡಲ್ಲ, ಭಕ್ತಿಗೀತೆಯಲ್ಲ, ಭಾವಗೀತೆಯೂ ಅಲ್ಲ. ವಿಡಿಯೋ ಗೇಮುಗಳ ಹಿನ್ನೆಲೆ ಸಂಗೀತವನ್ನು ಆ ಆಟಗಳ ಅಭಿಮಾನಿಗಳೇ ಬಿಚ್ಚಿ, ಬೇರೆ ವಾದ್ಯಗಳಲ್ಲಿ ಕಟ್ಟಿ, ರೀಮಿಕ್ಸ್ ಎಂಬ ಹೆಸರಿನಲ್ಲಿ ಹಂಚುತ್ತಾರೆ. ಇವರಲ್ಲಿ ಹೆಚ್ಚಿನವರು ಹಣಕ್ಕಾಗಿ ಮಾಡುವವರಲ್ಲ. ಚಿಕ್ಕಂದಿನಲ್ಲಿ ಆಡಿದ ಆಟದ ಮೇಲಿನ ಪ್ರೀತಿ ಅವರಿಂದ ಇದನ್ನು ಮಾಡಿಸುತ್ತದೆ. ಆದರೆ ಅದರ ಬಗ್ಗೆ ನಡೆಯುವ ಚರ್ಚೆ ಎರಡೇ ಮಾತಿನಲ್ಲಿ ಮುಗಿಯುತ್ತದೆ: ‘ಮೂಲಕ್ಕಿಂತ ಚೆನ್ನಾಗಿದೆ’, ಇಲ್ಲವೆ ‘ಮೂಲವನ್ನು ಕೆಡಿಸಿದ್ದಾರೆ’. ಇವೆರಡೂ ವಿಮರ್ಶೆಯಲ್ಲ. ಇನ್ನೊಬ್ಬರ ಹಾಡನ್ನು ಮತ್ತೆ ಹಾಡುವುದನ್ನು ಅಳೆಯುವ ಅಳತೆಗೋಲು ನಮ್ಮಲ್ಲಿ ಇಲ್ಲವೆ ಎಂದು ಹುಡುಕುತ್ತ ಹೋದರೆ, ಸೋಜಿಗವೆಂಬಂತೆ, ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳೊಳಗೇ ಅದರ ಚರಿತ್ರೆ ಸಿಗುತ್ತದೆ.

ಶ್ರೀರಂಗಪಟ್ಟಣದಿಂದಲೇ ಶುರುಮಾಡಬೇಕು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಸೈನ್ಯ ಅರಮನೆಯನ್ನು ದೋಚಿತು. ವಾದ್ಯಗಳನ್ನಿಡುತ್ತಿದ್ದ ಕೋಣೆಯಲ್ಲಿ ಅವರಿಗೆ ಮರದ ಹುಲಿಯೊಂದು ಸಿಕ್ಕಿತು. ಬಿದ್ದ ಯುರೋಪಿಯನ್ನನ ಮೇಲೆ ಎರಗಿ ಕುತ್ತಿಗೆ ಹಿಡಿದಿರುವ ಹುಲಿ ಅದು. ಉದ್ದ ಸುಮಾರು 178 ಸೆಂಟಿಮೀಟರ್. ಪಕ್ಕದ ಹಿಡಿಕೆ ತಿರುಗಿಸಿದರೆ ಕೆಳಗಿನವನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ಬಾಯಿಂದ ನರಳಾಟ ಹೊರಡುತ್ತದೆ, ಹುಲಿ ಗುರುಗುಟ್ಟುತ್ತದೆ. ಇದಿಷ್ಟನ್ನೇ ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಇನ್ನೊಂದಿದೆ. ಹುಲಿಯ ಮಗ್ಗುಲಿನ ಮುಚ್ಚಳ ಇಳಿಸಿದರೆ ಒಳಗೆ ಹದಿನೆಂಟು ಸ್ವರಗಳ ಒಂದು ಪುಟ್ಟ ಆರ್ಗನ್ ಇದೆ. ಯಂತ್ರದ ಸದ್ದು ತಾನಾಗಿ ಬರುತ್ತದೆ. ಆರ್ಗನ್ನನ್ನು ಮಾತ್ರ ಆಡುವವನೇ ನುಡಿಸಬೇಕು. ಆಟ, ಯಂತ್ರ, ಸಂಗೀತ ಮೂರೂ ಒಂದೇ ಪೆಟ್ಟಿಗೆಯಲ್ಲಿ. ಇಂದಿನ ಹುಡುಗರ ಕೈಯಲ್ಲಿರುವುದಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜ ನಮ್ಮ ಸೀಮೆಯಲ್ಲಿ ಬೇರೆ ಕಾಣದು.

ಆ ಅರಮನೆ ಸಂಗೀತಕ್ಕೆ ಕಿವುಡಾಗಿರಲಿಲ್ಲ. ಟಿಪ್ಪುವಿನ ಆಶ್ರಯದಲ್ಲಿ ಹಸನ್ ಅಲಿ ಇಜ್ಜತ್ ರಚಿಸಿದ ‘ಮುಫರ್ರಿಹುಲ್ ಕುಲೂಬ್’ ಎಂಬ ಸಂಗೀತಗ್ರಂಥವಿದೆ. ಸುಲ್ತಾನನೆಂದರೆ ಕತ್ತಿ ಮತ್ತು ಕುದುರೆ ಎಂದಷ್ಟೇ ಚಿತ್ರ ಬರೆದುಕೊಂಡವರು, ಹೊಗಳುವವರೂ ತೆಗಳುವವರೂ, ಈ ಗ್ರಂಥವನ್ನು ನೆನೆಯುವುದು ಕಡಿಮೆ.

ಹುಲಿ ಲಂಡನ್ನಿಗೆ ಹೋಯಿತು. 1808ರಿಂದ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿಕೆ ತಿರುಗಿಸುತ್ತಿದ್ದರು. ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ಆ ಗುರುಗುಟ್ಟು, ಆ ಚೀರಾಟ ತಾಳಲಾಗದ ಕಾಟವಾಗಿತ್ತೆಂದು ಅಂದಿನ ಪತ್ರಿಕೆಯೊಂದು ಬರೆದಿದೆ. ಕವಿ ಕೀಟ್ಸನ ಒಂದು ಹಾಸ್ಯಕಾವ್ಯದಲ್ಲೂ ಈ ಯಂತ್ರ ಇಣುಕುತ್ತದೆ. ಈಗ ಅದು ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಛಾವಣಿ ಕುಸಿದು ಪುಡಿಯಾಗಿದ್ದನ್ನು ಮತ್ತೆ ಜೋಡಿಸಿದ್ದಾರೆ. ದುರಸ್ತಿಯ ಮೇಲೆ ದುರಸ್ತಿಯಾಗಿ ಆರ್ಗನ್ನಿನ ಮೂಲ ಶ್ರುತಿ ಉಳಿದಿಲ್ಲ. ಅಲ್ಲಿಗೆ ಹೋದ ಮೇಲೆ ಆ ಸ್ವರಗಳಲ್ಲಿ ನುಡಿದದ್ದೇನು? ‘ರೂಲ್ ಬ್ರಿಟಾನಿಯಾ’ ಮತ್ತು ‘ಗಾಡ್ ಸೇವ್ ದ ಕಿಂಗ್’. ಯಾರ ಕುತ್ತಿಗೆ ಹಿಡಿಯಲೆಂದು ಹುಲಿಯನ್ನು ಕೆತ್ತಿದರೋ ಅವರದೇ ಜಯಗೀತೆ ಅದರ ಹೊಟ್ಟೆಯಿಂದ ಹೊರಟಿತು.

ಇದನ್ನು ಕೇಳಿ ಸಿಟ್ಟಾಗುವುದು ಸುಲಭ. ಆದರೆ ವಿಮರ್ಶೆಯ ಕೆಲಸ ಸಿಟ್ಟಿನ ಕಾರಣವನ್ನು ಬಿಡಿಸಿ ನೋಡುವುದು. ಪರಕೀಯ ಸ್ವರ ನುಡಿಸಿದ್ದೇ ತಪ್ಪೆ? ಹಾಗೆನ್ನುವಂತಿಲ್ಲ. ಏಕೆಂದರೆ ಆರ್ಗನ್ನೇ ಪರಕೀಯ ವಾದ್ಯ. ಹುಲಿಯ ಕೆತ್ತನೆ, ಬಣ್ಣ ಈ ನೆಲದ್ದು. ಒಳಗಿನ ಯಂತ್ರದಲ್ಲಿ ಫ್ರೆಂಚ್ ಕೈಚಳಕವಿರಬಹುದೆಂದು ಹಲವು ವಿದ್ವಾಂಸರ ಊಹೆ. ಫ್ರೆಂಚರು ದೂರದಲ್ಲೇನೂ ಇರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಯನ್ನು ಇಂಗ್ಲಿಷರು ‘ಫ್ರೆಂಚ್ ರಾಕ್ಸ್’ ಎಂದೇ ಕರೆದರು. ಅದೇ ಇಂದಿನ ಪಾಂಡವಪುರ. ಹೀಗಿರುವಾಗ ಟಿಪ್ಪುವಿನ ಹುಲಿಯೇ ಒಂದು ರೀಮಿಕ್ಸು. ಶುದ್ಧಿಯ ಮಾತೆತ್ತಿದರೆ ಅದು ಮೊದಲು ನಮ್ಮದೇ ಹುಲಿಯನ್ನು ಮನೆಯಿಂದ ಹೊರಗೆ ಹಾಕುತ್ತದೆ.

ಸಿಟ್ಟಿಗೆ ನಿಜವಾದ ಕಾರಣ ಬೇರೆ. ಲಂಡನ್ನಿನಲ್ಲಿ ನುಡಿಸಿದ ಆ ಹಾಡು ಹುಲಿಯ ಮಾತನ್ನು ಒಂದಿಷ್ಟೂ ಕೇಳಿಸಿಕೊಂಡಿಲ್ಲ. ಅದಕ್ಕೆ ಹುಲಿ ಬೇಕಾದದ್ದು ಗೆದ್ದ ವಸ್ತುವಾಗಿ ಮಾತ್ರ. ಹೀಗೆ ನಮಗೆ ಮೊದಲ ಪ್ರಶ್ನೆ ಸಿಗುತ್ತದೆ: ಹೊಸದಾಗಿ ಹಾಡಿದವನು ಹಳೆಯದನ್ನು ಕೇಳಿಸಿಕೊಂಡಿದ್ದಾನೆಯೆ?

ಉರ್ದು ಕಾವ್ಯದಲ್ಲಿ ಈ ವಿಚಾರಕ್ಕೆ ಒಂದು ಚೆಂದದ ಶಬ್ದವಿದೆ, ‘ಜಮೀನ್’. ಒಂದು ಗಜಲಿನ ಛಂದಸ್ಸು, ಪ್ರಾಸ, ರದೀಫ್ ಸೇರಿದ ಹಂದರಕ್ಕೆ ಈ ಹೆಸರು. ಒಬ್ಬ ಕವಿಯ ಜಮೀನಿನಲ್ಲಿ ಇನ್ನೊಬ್ಬ ಗಜಲು ಬೆಳೆಯಬಹುದು. ಅದು ಅಪಮಾನವಲ್ಲ, ಗೌರವ. ತರಹಿ ಮುಶಾಯಿರಾಗಳಲ್ಲಿ ಒಂದು ಸಾಲನ್ನು ಮೊದಲೇ ಕೊಟ್ಟಿರುತ್ತಾರೆ, ಎಲ್ಲರೂ ಅದರ ಮೇಲೆಯೇ ಬರೆದು ತರಬೇಕು. ಸಾಲು ಯಾರದೆಂದು ಸಭೆಗೆ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಹೊಸ ಕವಿ ಎಲ್ಲಿ ತಿರುವು ಕೊಟ್ಟ ಎಂದು ಕಿವಿ ನಿಗುರುತ್ತದೆ. ಹೇಳಿ ತೆಗೆದುಕೊಂಡದ್ದು ‘ತಜ್ಮೀನ್’, ಹೇಳದೆ ತೆಗೆದುಕೊಂಡದ್ದು ‘ಸರ್ಕಾ’, ಎಂದರೆ ಕಳವು. ಅರಿವಿಲ್ಲದೆ ಇಬ್ಬರಿಗೂ ಒಂದೇ ಸಾಲು ಹೊಳೆದರೆ ‘ತವಾರುದ್’. ಅನುಕರಣೆ ಎಂಬ ಒಂದೇ ಮಾತಿನಲ್ಲಿ ಕಲಸಿಹೋಗುವುದನ್ನು ಇಲ್ಲಿ ಮೂರಾಗಿ ಬೇರ್ಪಡಿಸಿದ್ದಾರೆ. ಎರಡನೇ ಪ್ರಶ್ನೆ ಇಲ್ಲಿದೆ: ಸಾಲವನ್ನು ಸಾಲವೆಂದು ಒಪ್ಪಿಕೊಂಡಿದ್ದಾನೆಯೆ?

ಒಪ್ಪಿಕೊಂಡ ದೊಡ್ಡ ಮನುಷ್ಯರೊಬ್ಬರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಪ್ರಕಟಿಸಿದ ಸಂಕಲನಕ್ಕೆ ‘ಇಂಗ್ಲಿಷ್ ಗೀತಗಳು’ ಎಂದು ಹೆಸರಿಟ್ಟರು. ಮುಖಪುಟದಲ್ಲೇ ಸಾಲಪತ್ರ! ಆದರೆ ಒಳಗೆ ನಡೆದದ್ದು ನಕಲಲ್ಲ. ಆದಿಪ್ರಾಸದ ಕಟ್ಟು ಸಡಿಲಿಸಿ, ಮಾತ್ರೆಗಳ ಹೊಸ ನಡಿಗೆಗಳನ್ನು ಕಂಡುಕೊಂಡು, ಮುಂದಿನ ನವೋದಯಕ್ಕೆ ಬೇಕಾದ ಧಾಟಿಯನ್ನೇ ಕನ್ನಡಕ್ಕೆ ತಂದರು. 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಇನ್ನೂ ಮುಂದೆ ಹೋದರು. ಸೋಫೋಕ್ಲಿಸನ ಅಯಾಸನ ದುರಂತವನ್ನು ಮಹಾಭಾರತದ ಅಶ್ವತ್ಥಾಮನ ಮೇಲೆ ಕೂರಿಸಿದರು. ಚಿರಂಜೀವಿಯನ್ನು ಸಾಯಿಸಬಹುದೆ ಎಂಬ ಆಕ್ಷೇಪ ಎದ್ದಿತು. ಅದು ಸರಿಯಾದ ಆಕ್ಷೇಪ. ಎರಡು ಮೂಲಗಳನ್ನು ಬೆಸೆದಾಗ ಒಂದರ ಎಲುಬು ಮುರಿಯಿತೆ ಎಂದು ಕೇಳುವುದು ವಿಮರ್ಶೆ. ಬೆಸೆದದ್ದೇ ಪಾಪ ಎನ್ನುವುದು ವಿಮರ್ಶೆಯಲ್ಲ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳ ಕತೆ ಇನ್ನೊಂದು ಬಗೆಯದು. ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದದ್ದು ಪುಸ್ತಕವಾಗಿ. ಅದು ಕನ್ನಡಿಗರ ಬಾಯಿಗೆ ಬಂದದ್ದು ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಕೂಡಿಸಿದ ರಾಗಗಳಿಂದ. ನಾಗಾಭರಣರ 1992ರ ಚಿತ್ರದಿಂದ. ಕವಿತೆ ಕವಿಯದು, ಧಾಟಿ ಸಂಯೋಜಕನದು, ದನಿ ಗಾಯಕನದು. ಈಗ ಪುಸ್ತಕ ಬಿಚ್ಚಿ ಮೌನವಾಗಿ ಓದಹೊರಟರೂ ಅಶ್ವತ್ಥರ ಧಾಟಿ ಕಿವಿಯೊಳಗೆ ಮೊಳಗುತ್ತದೆ. ಇದು ಲಾಭವೋ ನಷ್ಟವೋ? ಎರಡೂ ಹೌದು. ಓದು ಬಾರದವರಿಗೂ ಕವಿತೆ ತಲುಪಿತು. ಹಾಗೆಯೇ ಕವಿತೆಯ ಹಲವು ಸಾಧ್ಯತೆಗಳಲ್ಲಿ ಒಂದು ಮಾತ್ರ ಗಟ್ಟಿಯಾಗಿ ಉಳಿದವು ಮಸುಕಾದವು.

ಧಾಟಿಯ ಜಗಳ ನ್ಯಾಯಾಲಯಕ್ಕೂ ಹೋಯಿತು. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು, 2 ನಿಮಿಷ 30 ಸೆಕೆಂಡಿನ ಅವಧಿಯನ್ನು ಗೊತ್ತುಮಾಡಿತು. ಹೆಸರಿನಲ್ಲೇ ಕಿಕ್ಕೇರಿಯನ್ನಿಟ್ಟುಕೊಂಡ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿಯವರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2024ರಲ್ಲಿ ಅರ್ಜಿ ವಜಾ ಆಯಿತು. ಸಾವಿರ ಮಕ್ಕಳು ಒಟ್ಟಿಗೆ ನಿಂತು ಹಾಡಬೇಕಾದಾಗ ಒಂದು ಧಾಟಿ, ಒಂದು ಅವಧಿ ಬೇಕೇಬೇಕು. ಆದರೆ ಅದು ಶಿಸ್ತಿನ ತೀರ್ಮಾನವೇ ಹೊರತು ಸೌಂದರ್ಯದ ತೀರ್ಮಾನವಲ್ಲ. ಆಜ್ಞೆಯಿಂದ ಒಂದು ಧಾಟಿ ಅಧಿಕೃತವಾಗಬಹುದು, ಇನ್ನೊಂದು ಧಾಟಿ ಕೆಟ್ಟದಾಗುವುದಿಲ್ಲ. ಹಾಡು ಯಾವ ಸಂದರ್ಭಕ್ಕೆ, ಯಾರು ಹಾಡಲೆಂದು? ಇದು ಮೂರನೇ ಪ್ರಶ್ನೆ.

ಈ ಮೂರು ಪ್ರಶ್ನೆಗಳನ್ನು ಹಿಡಿದು ಗೇಮುಗಳ ಸಂಗೀತಕ್ಕೆ ಬರೋಣ. 1985ರಲ್ಲಿ ಜಪಾನಿನ ಕೋಜಿ ಕೊಂಡೊ ‘ಸೂಪರ್ ಮಾರಿಯೊ’ ಆಟಕ್ಕೆ ಸ್ವರ ಹಾಕಿದಾಗ ಅವರ ಕೈಲಿದ್ದ ಚಿಪ್ಪಿಗೆ ಇದ್ದದ್ದು ಐದೇ ದನಿ. ಅದರಲ್ಲೊಂದು ಬರೀ ಸದ್ದು ಮಾಡುವಂಥದು. ಆ ಬಡತನದಲ್ಲೇ ಹುಟ್ಟಿದ ಧಾಟಿಯನ್ನು 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಇಂಥ ಧಾಟಿಯನ್ನು ನೂರು ಪಿಟೀಲುಗಳಲ್ಲಿ ಮೊಳಗಿಸಿದ ಕೂಡಲೇ ಅದು ದೊಡ್ಡದಾಗುವುದಿಲ್ಲ. ಮೂಲದ ಲಾಲಿತ್ಯವಿದ್ದದ್ದು ದನಿ ಕಡಿಮೆಯಿದ್ದುದರಲ್ಲಿ, ಒಂದೊಂದು ಸ್ವರವೂ ಎದ್ದು ಕಾಣುವುದರಲ್ಲಿ. ಅದು ಮತ್ತೆ ಮತ್ತೆ ಸುತ್ತಿ ಬರುವುದೂ ಸಂಯೋಜಕನ ಸೋಮಾರಿತನವಲ್ಲ. ಆಡುವವನು ಒಂದು ಘಟ್ಟ ದಾಟಲು ಎಷ್ಟು ಹೊತ್ತು ಹಿಡಿಯುತ್ತಾನೋ ಅಷ್ಟು ಹೊತ್ತೂ ಬೇಸರವಾಗದಂತೆ ಜೊತೆ ನಡೆಯಬೇಕು. ಆಟವಿಲ್ಲದೆ ಕೂತು ಕೇಳುವವನಿಗೆ ಅದನ್ನು ಬೆಳೆಸಬೇಕು ನಿಜ. ಬೆಳೆಸುವಾಗ ಹೊಸ ತಿರುವು ಕೊಟ್ಟನೆ, ಇಲ್ಲಾ ಬರಿಯ ಗಾತ್ರ ಹೆಚ್ಚಿಸಿದನೆ ಎಂದು ನೋಡಬೇಕು. ನಮಗೆ ಕೇಳಸಿಗುವ ಹೆಚ್ಚಿನ ರೀಮಿಕ್ಸುಗಳು ಸೋಲುವುದು ಇಲ್ಲಿಯೇ.

‘ಟೆಟ್ರಿಸ್’ನ ಉದಾಹರಣೆ ಇನ್ನೂ ಪಾಠದಾಯಕ. 1989ರ ಗೇಮ್ ಬಾಯ್ ಯಂತ್ರದಲ್ಲಿ ಕೇಳಿದ ಅದರ ಧಾಟಿ ಆಟಕ್ಕೆಂದು ಹುಟ್ಟಿದ್ದಲ್ಲ. ಅದು ‘ಕೊರೊಬೆಯ್ನಿಕಿ’ ಎಂಬ ರಷ್ಯದ ಹಾಡು. 1861ರಲ್ಲಿ ನೆಕ್ರಾಸೊವ್ ಬರೆದ ಕಥನಕವನದಿಂದ ಜನರ ಬಾಯಿಗೆ ಬಂದದ್ದು. ಬುಟ್ಟಿ ಹೊತ್ತು ಊರೂರು ತಿರುಗುವ ವ್ಯಾಪಾರಿಯ ಹಾಡು ಅದು. ಇಂದು ಗಿಟಾರಿನಲ್ಲಿ ಅದನ್ನು ಬಾರಿಸುವ ಎಷ್ಟೋ ಹುಡುಗರಿಗೆ ಅದು ಕಲ್ಲು ಜೋಡಿಸುವ ಆಟದ ಹಾಡು ಮಾತ್ರ. ಅವರ ಮೂಲವೇ ಒಂದು ರೀಮಿಕ್ಸು. ಅದನ್ನು ತಿಳಿದು ನುಡಿಸಿದರೆ ಬೆರಳಿನ ಭಾರವೇ ಬೇರೆಯಾದೀತು. ಟಿಪ್ಪು ಸತ್ತ ಮೇಲೆ ಈ ಸೀಮೆಯಲ್ಲಿ ಹುಟ್ಟಿದ ಲಾವಣಿಗಳೂ ಹೀಗೆಯೇ ಬಾಯಿಂದ ಬಾಯಿಗೆ ಬದಲಾಗುತ್ತ ಬಂದವು. ಹಾಡಿದವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಯಾರೂ ‘ನಮ್ಮ ಹಾಡು’ ಎಂದು ಬೇಲಿ ಹಾಕಲಿಲ್ಲ.

ಇದೆಲ್ಲ ಹುಡುಗಾಟದ ವಿಷಯವೆಂದು ತಳ್ಳಿಹಾಕುವವರಿಗೆ ಒಂದು ಮಾತು. ಇಂದು ನಮ್ಮ ಬೀದಿಗಳಲ್ಲಿ ಧ್ವನಿವರ್ಧಕದ ಗೋಡೆಯೆತ್ತಿ ಮೊಳಗಿಸುವುದು ರೀಮಿಕ್ಸನ್ನೇ. ಉರೂಸಿನಲ್ಲೂ ಅದೇ, ಉತ್ಸವದಲ್ಲೂ ಅದೇ. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ದರ್ಗಾದ ಬಳಿ ಬಂದಾಗ ಗಲಭೆಯಾಗಿ ಅಂಗಡಿಗಳು ಸುಟ್ಟವು. ಅದಕ್ಕೆ ಸಂಗೀತವೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಪಕ್ಕದವನಿಗೆ ಕೇಳಿಸಲೆಂದೇ, ಅವನನ್ನು ಚುಚ್ಚಲೆಂದೇ ಹಾಡಿನ ದನಿ ಏರಿಸುವುದು ಯಾವ ಊರಿನಲ್ಲೇ ನಡೆಯಲಿ, ಯಾವ ಜಾತಿಯವರೇ ಮಾಡಲಿ, ಅದು ಲೆಡನ್‌ಹಾಲ್ ಬೀದಿಯ ಆಟವೇ. ಇನ್ನೊಬ್ಬರನ್ನು ಕೇಳಿಸಿಕೊಳ್ಳದ ಸಂಗೀತ ಸ್ವರಬದ್ಧವಾಗಿದ್ದರೂ ಗದ್ದಲವೇ. ರೀಮಿಕ್ಸನ್ನು ವಿಮರ್ಶಿಸಲು ಕಲಿಯುವುದೆಂದರೆ ಕಿವಿಗೆ ಸಂಸ್ಕಾರ ಕೊಡುವುದು. ಆ ಸಂಸ್ಕಾರ ಹುಡುಗರ ಕೋಣೆಯಲ್ಲಿ ಶುರುವಾದರೂ ಬೀದಿಯ ತನಕ ಬರಬಲ್ಲದು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ‘ಗೋಕುಲ ನಿರ್ಗಮನ’ ಎಂಬ ಗೀತನಾಟಕ ಬರೆದಿದ್ದಾರೆ. ಗೋಕುಲ ಬಿಟ್ಟು ಹೊರಟ ಕೃಷ್ಣ ಅದರಲ್ಲಿ ತನ್ನ ಕೊಳಲನ್ನು ರಾಧೆಗೆ ಬಿಟ್ಟು ಹೋಗುತ್ತಾನೆ. ಹಾಡು ಕಟ್ಟಿದವರೆಲ್ಲ ಒಂದು ದಿನ ಹೀಗೆ ಕೊಳಲು ಬಿಟ್ಟು ಹೋಗುವವರೇ. ಕೈಗೆತ್ತಿಕೊಂಡವರು ತಮ್ಮ ಉಸಿರನ್ನೇ ಊದಬೇಕು, ಬೇರೆ ದಾರಿಯಿಲ್ಲ. ಊದುವ ಮೊದಲು ಅದು ಯಾರದಾಗಿತ್ತೆಂದು ಒಂದು ಗಳಿಗೆ ನೆನೆದರೆ ಸಾಕು. ನುಡಿಸಿದ್ದು ಹಿಂದಿನವರಿಗಿಂತ ಕಡಿಮೆಯಾದರೂ ಕೇಳುವವರು ಕ್ಷಮಿಸುತ್ತಾರೆ.